ಹಾರವಿಲ್ಲದ ಫೋಟೋ

ಗಂಡಸಿಗೆ ಹೊಟ್ಟೆಕಿಚ್ಚು ಬಂದರೆ ಎದುರಾಳಿ ಕೈಗೆ ಸಿಗುವ ಹಾಗಾದರೂ ಇರಬೇಕು. ಬೈಯಬಹುದು, ಜಗಳ ಕಾಯಬಹುದು, ಕೊನೆಗೆ ಅವನಿಗೂ ವಯಸ್ಸಾಗಿ ಹೊಟ್ಟೆ ಬಂದು ಕೂದಲು ಉದುರಿದಾಗ ಒಳಗೊಳಗೇ ನಕ್ಕು ಸಮಾಧಾನ ಮಾಡಿಕೊಳ್ಳಬಹುದು. ಶಂಕರಪುರದ ಶೀನಣ್ಣನಿಗೆ ಆ ಭಾಗ್ಯವೂ ಇರಲಿಲ್ಲ. ಅವನ ಎದುರಾಳಿ ಹಜಾರದ ಗೋಡೆಯ ಮೇಲೆ, ಗಡಿಯಾರದ ಪಕ್ಕದಲ್ಲಿ, ಇಪ್ಪತ್ತೇಳು ವರ್ಷದವನಾಗಿಯೇ ನಿಂತುಬಿಟ್ಟಿದ್ದ. ವಾಯುಪಡೆಯ ಸಮವಸ್ತ್ರ, ಎದೆಯ ಮೇಲೆ ಒಂಟಿ ರೆಕ್ಕೆಯ ಬಿಲ್ಲೆ, ಎಣ್ಣೆ ಹಚ್ಚಿ ತಿದ್ದಿದ ಕ್ರಾಪು, ಈಗಷ್ಟೇ ಯಾರೋ ತಮಾಷೆ ಮಾಡಿದರು ಎಂಬಂಥ ನಗು. ಶೀನಣ್ಣನ ತಲೆ ಬೋಳಾಯಿತು, ಹಲ್ಲು ಕಟ್ಟಿಸಿದ್ದಾಯಿತು, ಮಂಡಿ ಕೈಕೊಟ್ಟಿತು, ಮೊನ್ನೆ ಎಂಬತ್ತೂ ತುಂಬಿತು. ಗೋಡೆಯ ಮೇಲಿನವನ ಕ್ರಾಪು ಮಾತ್ರ ಇವತ್ತಿಗೂ ಕೆಟ್ಟಿಲ್ಲ.

ಅವನು ಶೀನಣ್ಣನ ಹೆಂಡತಿ ರಂಗನಾಯಕಿಯ ಮೊದಲ ಗಂಡ, ಫ್ಲೈಟ್ ಲೆಫ್ಟಿನೆಂಟ್ ಸಂಪತ್ ಕುಮಾರ್. ಎಪ್ಪತ್ತೊಂದರ ಯುದ್ಧದಲ್ಲಿ ಬಾಂಬು ಹಾಕುವ ವಿಮಾನವೊಂದರಲ್ಲಿ ಪಶ್ಚಿಮದ ಗಡಿ ದಾಟಿ ಹೋದವನು. ವಿಮಾನದಲ್ಲಿದ್ದವರು ಇಬ್ಬರೇ: ಹಾರಿಸುವವನು ಕಾರವಾರದ ಗೌರೀಶ್, ನಕ್ಷೆ ಹಿಡಿದು ದಾರಿ ಹೇಳುವವನು ಸಂಪತ್. ಹೋದ ವಿಮಾನ ತಿರುಗಿ ಬರಲಿಲ್ಲ. ಬಿದ್ದದ್ದನ್ನು ಕಂಡವರಿಲ್ಲ, ಸೆರೆ ಸಿಕ್ಕರೆಂದು ಹೇಳಿದವರೂ ಇಲ್ಲ. ಕಾಣೆಯಾದರು ಎಂಬುದೊಂದೇ ಸುದ್ದಿ.

"ದಾರಿ ತೋರ್ಸೋಕೆ ಅಂತ ಕೂರಿಸಿದ್ರೆ ತಾನೇ ದಾರಿ ತಪ್ಪಿಸ್ಕೊಂಡ, ಭೂಪ" ಎಂದು ಶೀನಣ್ಣ ದಿನಕ್ಕೊಂದು ಸಲವಾದರೂ ಆ ಫೋಟೋಗೆ ಹೇಳುತ್ತಿದ್ದ. ಬೆಳಿಗ್ಗೆ ಪೇಪರ್ ಹಿಡಿದು ಅದರ ಕೆಳಗಿನ ಕುರ್ಚಿಯಲ್ಲಿ ಕೂರುವಾಗ ಇದು ಅವನ ಸುಪ್ರಭಾತ.

ಇಷ್ಟನ್ನಾದರೆ ಅವನು ಹೇಗೋ ನುಂಗಿಕೊಳ್ಳುತ್ತಿದ್ದ. ಅವನ ಹೊಟ್ಟೆಗೆ ಬೆಂಕಿ ಹಾಕಿದ್ದು ಫೋಟೋ ಅಲ್ಲ, ಆ ಫೋಟೋಗೆ ಹಾರವಿಲ್ಲದ್ದು. ಅದೇ ಗೋಡೆಯ ಮೇಲೆ ಮಾವನವರ ಫೋಟೋ ಇದೆ, ಅತ್ತೆಯವರದೂ ಇದೆ. ಎರಡಕ್ಕೂ ಗಂಧದ ಹಾರ, ಕೆಳಗೆ ಪುಟ್ಟ ಕೆಂಪು ಬಲ್ಬು. ನಡುವೆ ಇವನೊಬ್ಬ ಬರಿಯ ಚೌಕಟ್ಟಿನಲ್ಲಿ ನಗುತ್ತಾನೆ. ನಮ್ಮ ಮನೆಗಳಲ್ಲಿ ಹಾರವಿಲ್ಲದ ಫೋಟೋ ಎಂದರೆ ಬದುಕಿರುವವನ ಫೋಟೋ. ಅದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಅಂತ ಗಾದೆಯಿದೆ. ಇದು ಸತ್ತ ಎಮ್ಮೆಯೂ ಅಲ್ಲ, ಕಾಣೆಯಾದ ಎಮ್ಮೆ. ಇದರ ಹಾಲಿಗೆ ಅಳತೆಯೇ ಇಲ್ಲ. ಹೀಗೆ ಹೆಂಡತಿಯ ಬದುಕಿರುವ ಗಂಡನ ಕಣ್ಣೆದುರಿಗೇ ಶೀನಣ್ಣ ಅರ್ಧ ಶತಮಾನ ಸಂಸಾರ ಮಾಡಿದ.

ಅಂದು ಆ ಕಾಣೆಯಾದ ಸುದ್ದಿಯನ್ನು ರಂಗನಾಯಕಿಯ ಕೈಗೆ ತಂದುಕೊಟ್ಟವನು ಯಾರು ಅಂತೀರಿ? ಇದೇ ಶೀನಣ್ಣ. ಆಗ ಅವನು ಬಸವನಗುಡಿಯ ತಂತಿ ಕಚೇರಿಯಲ್ಲಿದ್ದ. ಯಂತ್ರದ ಟಕ್ಕು ಟಕ್ಕು ಕೇಳಿಸಿಕೊಂಡು ಅಕ್ಷರ ಬರೆಯುವ ಕೆಲಸ. ಡಿಸೆಂಬರಿನ ಒಂದು ಮಧ್ಯಾಹ್ನ ಸರ್ಕಾರಿ ತಂತಿಯೊಂದು ಬಂತು. ಸಾವು ನೋವಿನ ತಂತಿಯನ್ನು ಒಂದು ಗಳಿಗೆಯೂ ಇಟ್ಟುಕೊಳ್ಳಬಾರದು ಎಂಬುದು ಆ ಕಚೇರಿಯ ಮೊದಲ ಪಾಠ. ಹಂಚುವ ಪೇದೆ ಮಾವಳ್ಳಿ ಕಡೆ ಹೋಗಿದ್ದ. ವಿಳಾಸ ಶಂಕರಪುರದ್ದು, ತನ್ನ ಬಾಡಿಗೆ ಕೋಣೆಯ ಹಿಂದಿನ ಬೀದಿ. ಶೀನಣ್ಣ ತಾನೇ ಸೈಕಲ್ ಹತ್ತಿದ.

ಗೇಟಿನ ಹೊರಗೆ ನಿಂತು "ರಂಗನಾಯಕಮ್ಮನವರು ಯಾರು? ತಂತಿ ಬಂದಿದೆ" ಎಂದು ಕೂಗಿದಾಗ ಜಗಲಿಯ ಮೇಲೆ ಇಪ್ಪತ್ತೆರಡರ ಹುಡುಗಿ ಮಡಿಲಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ತಂತಿ ಓದಿದಳು, ಎದ್ದು ನಿಂತಳು. ಮೊರ ಉರುಳಿ, ಕಾಳು ಜಗಲಿಯಿಂದ ಮೆಟ್ಟಿಲಿಗೆ, ಮೆಟ್ಟಿಲಿಂದ ಬೀದಿಗೆ ಹರಡಿಕೊಂಡವು. ಏನು ಹೇಳಬೇಕೆಂದು ತೋಚದೆ ಶೀನಣ್ಣ ಕುಕ್ಕರಗಾಲಲ್ಲಿ ಕೂತು ಆ ಕಾಳುಗಳನ್ನು ಒಂದೊಂದಾಗಿ ಆರಿಸಿದ. ಆರಿಸುತ್ತ ತಲೆಯೆತ್ತಿ ಅವಳ ಮುಖ ನೋಡಿದ. ಅಲ್ಲಿಗೆ ಅವನ ಕಥೆ ಮುಗಿಯಿತು.

ಆಮೇಲೆ ರಂಗನಾಯಕಿ ವಾರಕ್ಕೊಮ್ಮೆ ಕಚೇರಿಗೆ ಬಂದು ಕಿಟಕಿಯಲ್ಲಿ ನಿಲ್ಲುತ್ತಿದ್ದಳು. "ಏನಾದ್ರೂ ಬಂತಾ?" "ಇಲ್ಲಮ್ಮ." ಹಾಗೆ ಇಲ್ಲವೆನ್ನುವಾಗ ಶೀನಣ್ಣನಿಗೆ ಬಹಳ ಬೇಸರವಾಗುತ್ತಿತ್ತು ಎಂದು ನಾವು ಹೇಳಿದರೆ ಕೇಳುವವರು ನಕ್ಕಾರು. ಕಾಣೆಯಾದವರನ್ನು ಮೃತರೆಂದೇ ತಿಳಿಯತಕ್ಕದ್ದು ಎಂದು ಕೊನೆಗೆ ಸರ್ಕಾರದಿಂದ ಕಾಗದ ಬಂತು. ರಂಗನಾಯಕಿಯ ತಂದೆ ತಿಳಿದವರು, ಊರಿಗೆ ಹೆದರುವ ಜಾತಿಯಲ್ಲ. ವಾರವಾರ ಮಗಳನ್ನು ಮನೆಯವರೆಗೆ ಬಿಟ್ಟುಹೋಗುತ್ತಿದ್ದ ಈ ತಂತಿಯ ಹುಡುಗನ ಮುಖದಲ್ಲಿ ಬರೆದಿದ್ದುದನ್ನು ಓದಿಕೊಂಡರು, ಮಗಳನ್ನು ಕೇಳಿದರು, ಮದುವೆ ಮಾಡಿದರು. ಶಂಕರಪುರದ ಅರ್ಧ ಜನ ಊಟಕ್ಕೆ ಬರಲಿಲ್ಲ. ಬಂದ ಅರ್ಧ ಜನ ಹೋಳಿಗೆ ತಿನ್ನುತ್ತ ಆಡಿಕೊಂಡರು. ಒಬ್ಬಳೇ ಮಗಳಾದ್ದರಿಂದ ಶೀನಣ್ಣ ಮನೆ ಅಳಿಯನಾಗಿ ಬಂದ. ಬಲಗಾಲಿಟ್ಟು ಒಳಗೆ ಬಂದಾಗ ಆ ಫೋಟೋ ಆಗಲೇ ಆ ಮೊಳೆಯ ಮೇಲಿತ್ತು.

ಅಂದಿನಿಂದ ಅವನಿಗೆ ನೆಮ್ಮದಿಯೆಂಬುದಿಲ್ಲ. ಎಷ್ಟೋ ಜನ ಎಷ್ಟೋ ವರ್ಷದ ಮೇಲೆ ಸೆರೆಯಿಂದ ಬಿಡಿಸಿಕೊಂಡು ಬಂದ ಕಥೆಗಳನ್ನು ಪೇಪರಿನಲ್ಲಿ ಓದಿದಾಗೆಲ್ಲ ಎದೆ ಧಸಕ್ಕೆನ್ನುತ್ತಿತ್ತು. ಒಂದು ದಿನ ಗೇಟು ತೆಗೆದುಕೊಂಡು ಇವನು ಬಂದೇಬಿಟ್ಟರೆ? ಅದಕ್ಕಾಗಿಯೇ ಶೀನಣ್ಣ ಆ ಗೇಟಿನ ಕೀಲಿಗೆ ಎಣ್ಣೆ ಹಾಕಲು ಬಿಡಲಿಲ್ಲ. ಯಾರು ಮುಟ್ಟಿದರೂ ಕಿರ್ರ್ ಎಂದು ಬೀದಿಯೆಲ್ಲ ಕೇಳಬೇಕು, ಮೊದಲು ತಾನೇ ಹೋಗಿ ನೋಡಬೇಕು. ಎದುರುಮನೆ ಶೈಲಜಮ್ಮ "ಶೀನಣ್ಣ, ನಿಮ್ಮ ಗೇಟು ನನ್ನ ಮಧ್ಯಾಹ್ನದ ನಿದ್ದೆ ಕೆಡಿಸತ್ತೆ" ಎಂದು ಎಷ್ಟು ಸಲ ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಯಲಹಂಕದ ವಿಮಾನ ಪ್ರದರ್ಶನದ ಸಮಯದಲ್ಲಿ ಊರ ಮೇಲೆ ಜೆಟ್ಟುಗಳು ಹಾರಿದರೆ ರಂಗನಾಯಕಿ ತಾರಸಿಗೆ ಹೋಗಿ, ಸೆರಗನ್ನು ಹಣೆಗೆ ಅಡ್ಡ ಹಿಡಿದು, ಅವು ಮರೆಯಾಗುವವರೆಗೂ ನೋಡುತ್ತಿದ್ದಳು. ಶೀನಣ್ಣ ಕೆಳಗೆ ಕಿಟಕಿಗಳನ್ನು ಧಡಧಡ ಮುಚ್ಚುತ್ತಿದ್ದ.

ಅವರೆಕಾಯಿಯ ವಿಷಯವಂತೂ ಹೇಳುವುದೇ ಬೇಡ. ಮದುವೆಯಾದ ಹೊಸದರಲ್ಲಿ ಅವಳು ಬಾಯಿತಪ್ಪಿ "ಅವರಿಗೆ ಅವರೆಬೇಳೆ ಹುಳಿ ಅಂದ್ರೆ ಪ್ರಾಣ" ಅಂದಿದ್ದಳು. ಅವತ್ತಿನಿಂದ ಶೀನಣ್ಣ ಅವರೆಕಾಯಿ ಬಿಟ್ಟ. ಕೇಳಿದವರಿಗೆಲ್ಲ ಗ್ಯಾಸ್ ಆಗುತ್ತೆ ಎಂದ. ಡಿಸೆಂಬರಿನಲ್ಲಿ ಬಸವನಗುಡಿಯಲ್ಲಿದ್ದುಕೊಂಡು ಅವರೆಕಾಯಿ ತಿನ್ನದಿರುವುದು ಕಾಶಿಗೆ ಹೋಗಿ ಗಂಗೆಯಲ್ಲಿ ಮುಳುಗದೆ ಬಂದ ಹಾಗೆ. ಮನೆಯೆಲ್ಲ ಸೊಗಡು ಘಮಘಮಿಸುತ್ತಿರುವಾಗ ಈ ಮಹಾರಾಯ ತಿಳಿಸಾರು ಅನ್ನ ಉಂಡು ಏಳುತ್ತಿದ್ದ. ನಾಲಿಗೆಯ ಆಸೆಗಿಂತ ಹೊಟ್ಟೆಯ ಉರಿ ದೊಡ್ಡದು ನೋಡಿ.

ಹೀಗಿರುವಾಗ ಹೋದ ಡಿಸೆಂಬರಿನ ಒಂದು ಮಂಗಳವಾರ ಬೆಳಿಗ್ಗೆ ರಂಗನಾಯಕಿ ಶೈಲಜಮ್ಮನ ಜೊತೆ ಗಾಂಧಿ ಬಜಾರಿಗೆ ಹೋಗಿದ್ದಳು, ಮೊಬೈಲನ್ನು ಚಾರ್ಜಿಗೆ ಹಾಕಿ ಮರೆತು. ಅದು ಹೊಡೆದುಕೊಂಡಿತು. ಶೀನಣ್ಣ ಎತ್ತಿದ.

"ನಮಸ್ಕಾರ ಸರ್. ನಾನು ವಾಯುಪಡೆಯಿಂದ, ಸ್ಕ್ವಾಡ್ರನ್ ಲೀಡರ್ ವಿಶಾಖಾ ಮಾತಾಡ್ತಿದೀನಿ. ರಂಗನಾಯಕಿ ಮೇಡಂ ಇದ್ದಾರಾ?"

"ಹೊರಗಡೆ ಹೋಗಿದಾರೆ. ನಾನು ಅವರ ಯಜಮಾನ್ರು. ಏನ್ ವಿಷ್ಯ?"

"ಫ್ಲೈಟ್ ಲೆಫ್ಟಿನೆಂಟ್ ಸಂಪತ್ ಕುಮಾರ್ ಅವರ ವಿಷ್ಯ ಸರ್. ತಾವು ಅವರಿಗೆ ಏನಾಗಬೇಕು?"

"ನಾನು ಅವನಿಗೆ ಏನೂ ಆಗಬೇಕಾಗಿಲ್ಲ" ಎಂದ ಶೀನಣ್ಣ. "ವಿಷ್ಯ ಹೇಳಮ್ಮ."

ಅವಳು ಹೇಳಿದಳು. ಕಚ್ಛದ ಕಡೆ, ಸಮುದ್ರದ ನೀರು ಬಂದುಹೋಗುವ ಕೆಸರು ಬಯಲಿನಲ್ಲಿ ಉಪ್ಪು ಮಾಡುವವರು ಕಾಲುವೆ ತೋಡುವಾಗ ಲೋಹ ತಗುಲಿತ್ತು. ಅಗೆದು ನೋಡಿದರೆ ವಿಮಾನ, ಮೂತಿ ಕೆಳಗಾಗಿ ಹೂತುಕೊಂಡದ್ದು. ಒಳಗೆ ಇಬ್ಬರೂ ಕೂತಲ್ಲೇ ಇದ್ದರು. ಕೊರಳಿನ ಬಿಲ್ಲೆಗಳಿಂದ ಗುರುತು ಸಿಕ್ಕಿತು.

"ಅವತ್ತೇ ಆಗಿದೆ ಸರ್, ಹೋದ ದಿನಾನೇ. ಇನ್ನೊಂದು ವಿಷ್ಯ, ಮೇಡಂಗೆ ಖಂಡಿತ ಹೇಳಿ. ಅವರು ದಾರಿ ತಪ್ಪಿರಲಿಲ್ಲ. ಕೆಲಸ ಮುಗಿಸಿ ವಾಪಸ್ ಬರ್ತಾ ಇದ್ರು. ಏಟು ಬಿದ್ದ ವಿಮಾನ ಅದು. ಅದನ್ನ ಗಡಿ ದಾಟಿಸಿ ನಮ್ಮ ಕಡೆಗೆ ತಂದುಬಿಟ್ಟಿದ್ರು. ದಾರಿ ಸರಿಯಾಗೇ ಇತ್ತು ಸರ್. ಭಾನುವಾರ ನಾವೇ ಮನೆಗೆ ಬರ್ತೀವಿ. ಅಷ್ಟರಲ್ಲಿ ನೀವೇ ನಿಧಾನಕ್ಕೆ ತಿಳಿಸಿದ್ರೆ ಒಳ್ಳೇದು."

"ನಾನು ಹೇಳ್ತೀನಿ" ಎಂದು ಶೀನಣ್ಣ ಫೋನು ಇಟ್ಟ.

ಇಟ್ಟವನು ಹಜಾರಕ್ಕೆ ಬಂದು ಫೋಟೋದ ಎದುರು ನಿಂತ. "ಸತ್ತಿದೀಯ ಕಣಯ್ಯಾ" ಎಂದ. ಪರೀಕ್ಷೆ ಪಾಸಾದ ಹುಡುಗನಿಗೆ ಆಗುವಂಥ ಸಂತೋಷ ಅವನಿಗಾಯಿತು. ಛೀ, ಇದೆಂಥ ಸಂತೋಷ ಎಂದು ತನ್ನನ್ನು ತಾನೇ ಬೈದುಕೊಂಡ. ಬೈದರೂ ಸಂತೋಷ ಹೋಗಲಿಲ್ಲ. ತಾನು ತಂತಿ ಹಿಡಿದು ಆ ಗೇಟಿಗೆ ಬರುವ ಮೊದಲೇ ಇವನು ಸತ್ತಿದ್ದ. ಹಾಗಾದರೆ ಇಷ್ಟು ವರ್ಷ ಗೇಟು ಕಿರುಗುಟ್ಟಿದಾಗೆಲ್ಲ ಎದ್ದು ಓಡಿದ್ದು ಯಾರನ್ನು ನೋಡಲು? ಇನ್ನು ಓಡಬೇಕಾಗಿಲ್ಲ. ಇನ್ನು ಆ ಚೌಕಟ್ಟಿಗೆ ಹಾರ ಬೀಳುತ್ತದೆ, ಕೆಂಪು ಬಲ್ಬು ಬರುತ್ತದೆ, ಈ ಮನೆಗೆ ಒಬ್ಬನೇ ಯಜಮಾನ. ಅವನು ಚಪ್ಪಲಿ ಮೆಟ್ಟಿಕೊಂಡು ನೆಟ್ಟಗೆ ಗಾಂಧಿ ಬಜಾರಿಗೆ ಹೊರಟ.

ಹೆಂಡತಿಯ ಕಣ್ಣಿಗೆ ಬೀಳದ ಹಾಗೆ ತರಕಾರಿ ಸಾಲು ತಪ್ಪಿಸಿ ಪೂಜೆ ಸಾಮಾನಿನ ಗ್ರಂಥಿಗೆ ಅಂಗಡಿ ಹೊಕ್ಕ. ಗಂಧದ ಹಾರಗಳು ಸಾಲಾಗಿ ತೂಗುಬಿದ್ದಿದ್ದವು. ಹೂವಿನ ಹಾರವಾದರೆ ನಾಳೆ ಬಾಡುತ್ತದೆ, ತೆಗೆಯಬೇಕಾಗುತ್ತದೆ. ಗಂಧದ್ದಾದರೆ ಒಂದು ಸಲ ಹಾಕಿದರೆ ಮುಗಿಯಿತು.

"ದೇವರಿಗಾ ಸ್ವಾಮಿ, ಫೋಟೋಗಾ?"

"ಫೋಟೋಗೆ."

"ಎಷ್ಟುದ್ದ ಇದೆ ಫೋಟೋ?"

ಶೀನಣ್ಣ ಎರಡು ಕೈ ಅಗಲಿಸಿ ತೋರಿಸಿದ. ಅಳತೆ ಒಂದು ನೂಲೂ ಆಚೀಚೆ ಇರಲಿಲ್ಲ. ರಂಗನಾಯಕಿಗೆ ಕತ್ತು ನೋವು ಶುರುವಾದ ಮೇಲೆ ಸ್ಟೂಲು ಹತ್ತಿ ಆ ಫೋಟೋ ಒರೆಸುವವನು ಅವನೇ. ಜೇಡರ ಬಲೆ ಕಟ್ಟುತ್ತೆ, ಮನೆಗೆ ದರಿದ್ರ ಎಂದು ನೆಪ.

"ಹಿರಿಯರದ್ದಾ?"

"ಅಲ್ಲ. ಚಿಕ್ಕವನು. ಇಪ್ಪತ್ತೇಳು."

ಅಂಗಡಿಯವನ ಕೈ ನಿಂತಿತು. ಬೋಳು ತಲೆಯ, ಮಂಡಿ ಹಿಡಿದುಕೊಂಡು ನಿಂತ ಈ ಮುದುಕನನ್ನು ಅವನು ನೋಡಿದ. "ಅಯ್ಯೋ ಪಾಪ. ಮಗನಾ ಸ್ವಾಮಿ?"

ಅಲ್ಲ ಎನ್ನಬೇಕು, ಅಲ್ಲ ಎಂದರೆ ಮತ್ತೇನು ಎಂದು ಕೇಳುತ್ತಾನೆ. ಅಂಗಡಿಯವನು ಮೇಲಿನ ಗೂಡಿನಿಂದ ಒಳ್ಳೆಯ ಹಾರವೊಂದನ್ನು ಇಳಿಸಿ, ಕಾಗದದಲ್ಲಿ ಸುತ್ತಿ, ಎರಡೂ ಕೈಯಿಂದ ಕೊಟ್ಟ. "ಈ ವಯಸ್ಸಲ್ಲಿ ನಿಮಗೆ ಹೀಗಾಗಬಾರದಿತ್ತು" ಎಂದ. ಶೀನಣ್ಣ ತಲೆಯಾಡಿಸಿ, ಕದ್ದ ಮಾಲು ಹಿಡಿದವನಂತೆ ಹೊರಗೆ ಬಂದ. ದಾರಿಯುದ್ದಕ್ಕೂ ಆ 'ಮಗನಾ' ಎಂಬ ಮಾತು ಕಿವಿಯಲ್ಲೇ ಇತ್ತು. ಮನೆಗೆ ಬಂದು ಹಾರವನ್ನು ತನ್ನ ಬೀರುವಿನಲ್ಲಿ ಸ್ವೆಟರುಗಳ ಅಡಿಗೆ ತುರುಕಿದ.

ರಂಗನಾಯಕಿ ಚೀಲ ತುಂಬ ಅವರೆಕಾಯಿ ಹೊತ್ತು ಬಂದಳು. ಈಗ ಹೇಳುತ್ತೇನೆ ಎಂದುಕೊಂಡ. ಕಾಫಿ ಕುಡಿದ ಮೇಲೆ ಹೇಳುತ್ತೇನೆ ಎಂದುಕೊಂಡ. ಊಟವಾಯಿತು, ಸಂಜೆಯಾಯಿತು, ಬುಧವಾರ ಬಂತು. ಬದುಕಿಡೀ ಯಾರ ತಂತಿಯನ್ನೂ ಒಂದು ಗಳಿಗೆ ಇಟ್ಟುಕೊಳ್ಳದವನು ಈ ತಂತಿಯನ್ನು ಹೊಟ್ಟೆಯೊಳಗೆ ಇಟ್ಟುಕೊಂಡು ಓಡಾಡಿದ.

ಅವನ ಭಯ ಇಷ್ಟೇ. ಹೇಳಿದ ಕೂಡಲೇ ಅವಳು ಅಳುತ್ತಾಳೆ. ಸುಮ್ಮನೆ ಕಣ್ಣೊರೆಸಿಕೊಂಡರೆ ಸರಿ. ಹೆಂಗಸರು ಧಾರಾವಾಹಿ ನೋಡಿಯೂ ಅಳುತ್ತಾರೆ. ಆದರೆ ಅವತ್ತು ಜಗಲಿಯ ಮೇಲೆ ನಿಂತ ಹಾಗೆ, ಮಡಿಲಲ್ಲಿದ್ದುದೆಲ್ಲ ಉರುಳಿದ್ದು ಗೊತ್ತಾಗದ ಹಾಗೆ ನಿಂತುಬಿಟ್ಟರೆ? ಹಾಗಾದರೆ ಇಷ್ಟು ವರ್ಷ ಅವಳು ಹಣೆಗಿಟ್ಟ ಕುಂಕುಮ ಯಾರದು? ಮಗಳು ಹುಟ್ಟಿದ್ದು, ಮೊಮ್ಮಗ ಹುಟ್ಟಿದ್ದು, ತನಗೆ ಹೃದಯದ ಕಾಯಿಲೆ ಬಂದಾಗ ಆಸ್ಪತ್ರೆಯ ಬೆಂಚಿನ ಮೇಲೆ ಅವಳು ಮಲಗಿದ್ದು, ಅದೆಲ್ಲ ಏನು? ಯಾರೋ ಬರುವವರೆಗೆ ಸೀಟು ಹಿಡಿದು ಕೂತವನಾ ತಾನು? ಎಂಬತ್ತನೇ ವಯಸ್ಸಿನಲ್ಲಿ ಇದನ್ನು ತಿಳಿದುಕೊಂಡು ಮಾಡುವುದಾದರೂ ಏನು? ತಿಳಿಯದೆ ಸಾಯುವುದೂ ಅವನಿಗೆ ಬೇಕಿರಲಿಲ್ಲ.

ಗುರುವಾರ ಪೇಪರು ಹಿಡಿದು ಕುರ್ಚಿಯಲ್ಲಿ ಕೂತವನು ಅಭ್ಯಾಸಬಲದಿಂದ "ದಾರಿ ತೋರ್ಸೋಕೆ ಅಂತ" ಎಂದು ಶುರುಮಾಡಿದ. ಮುಂದಿನ ಮಾತು ಬರಲಿಲ್ಲ. ದಾರಿ ಸರಿಯಾಗೇ ಇತ್ತು ಸರ್, ಎಂದಿದ್ದಳು ಆ ಹುಡುಗಿ. ಅಷ್ಟು ವರ್ಷದ ಬೈಗುಳ ಒಂದೇ ಫೋನಿನಲ್ಲಿ ಸುಳ್ಳಾಗಿಹೋಗಿತ್ತು. ಇದಕ್ಕೂ ಅವನಿಗೆ ಹೊಟ್ಟೆಯುರಿಯಿತು. ಸಾಯುವುದರಲ್ಲೂ ಈ ಆಸಾಮಿ ಎಲ್ಲವನ್ನೂ ಸರಿಯಾಗಿ ಮಾಡಿದ್ದ.

ಶನಿವಾರ ಬಂತು. ನಾಳೆ ಬೆಳಿಗ್ಗೆ ವಾಯುಪಡೆಯವರು ಬರುತ್ತಾರೆ. ಮಹಡಿಯ ಮೇಲೆ ಕಾಲೇಜಿನಲ್ಲಿ ಕಲಿಸುವ ಮಗಳು ಆರಾಧನಾ ಸೋಮವಾರದ ಪಾಠದ ತಯಾರಿಯಲ್ಲಿದ್ದಳು. ಅವಳ ಮಗ ಅಭಿರಾಮ, ಇಪ್ಪತ್ತೈದು ತುಂಬಿದ ಭೂಪ, ಮಧ್ಯಾಹ್ನ ಮೂರಾದರೂ ಎದ್ದಿರಲಿಲ್ಲ. ರಂಗನಾಯಕಿ ಹಜಾರದಲ್ಲಿ ಕಾಲು ಚಾಚಿ ಕೂತು, ನೆನೆಸಿದ ಅವರೆಕಾಳನ್ನು ಮಡಿಲ ಬೇಸಿನ್ನಿನಲ್ಲಿಟ್ಟು ಹಿತುಕುತ್ತಿದ್ದಳು. ಬೆರಳ ನಡುವೆ ಕಾಳು ಪಿಚಕ್ಕೆಂದು ಜಾರಿ ಬೇಳೆ ಒಂದು ಕಡೆ, ಸಿಪ್ಪೆ ಒಂದು ಕಡೆ. ಬಿಳಿಯ ಜಡೆ, ಹಣೆಯಲ್ಲಿ ಕುಂಕುಮ, ಮೂಗಿನ ಮೇಲೆ ಕನ್ನಡಕ. ತಲೆಯ ಮೇಲೆ ಆ ಫೋಟೋ.

ಶೀನಣ್ಣ ಎರಡು ಸಲ ಎದುರಿಗೆ ಬಂದು ನಿಂತ, ಎರಡು ಸಲ ಗಂಟಲು ಸರಿಮಾಡಿಕೊಂಡು ವಾಪಸ್ಸು ಹೋದ. ಗಂಡನಾಗಿ ಕೂತು ಈ ಮಾತು ಹೇಳುವುದು ತನ್ನಿಂದ ಆಗುವುದಿಲ್ಲ ಎಂಬುದು ಅವನಿಗೆ ಖಾತ್ರಿಯಾಯಿತು. ಮೂರನೆಯ ಸಲ ಅವನು ಹಜಾರ ದಾಟಿ, ಜಗಲಿ ಇಳಿದು, ಗೇಟು ತೆಗೆದು ಬೀದಿಗೆ ಹೋದ. ಗೇಟು ಕಿರ್ರೆಂದಿತು. ಅದನ್ನು ಮುಚ್ಚಿ ಹೊರಗೆ ನಿಂತ. ತೆರೆದ ಬಾಗಿಲಲ್ಲಿ ಅವಳು ಕಾಣುತ್ತಿದ್ದಳು.

"ರಂಗನಾಯಕಮ್ಮನವರು ಯಾರು?" ಎಂದು ಕೂಗಿದ. "ತಂತಿ ಬಂದಿದೆ."

ಎದುರುಮನೆಯ ಶೈಲಜಮ್ಮ ಕಿಟಕಿಯಲ್ಲಿ ಇಣುಕಿ, ಪಾಪ, ಮುದುಕನಿಗೆ ಅರುಳುಮರುಳು ಶುರುವಾಯಿತು ಎಂದುಕೊಂಡಳು.

ರಂಗನಾಯಕಿ ತಲೆಯೆತ್ತಿದಳು. ಕನ್ನಡಕ ತೆಗೆದಳು. ಬೇಸಿನ್ ಉರುಳಲಿಲ್ಲ, ಅದನ್ನು ಎರಡು ಕೈಯಿಂದ ಎತ್ತಿ ಪಕ್ಕಕ್ಕಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಗೋಡೆ ಹಿಡಿದು ಎದ್ದು ಜಗಲಿಗೆ ಬಂದಳು.

"ಸಿಕ್ಕಿದ್ರಾ?" ಎಂದಳು.

"ಹೂಂ."

"ಒಳಗೆ ಬನ್ನಿ. ಬಿಸಿಲಲ್ಲಿ ಯಾಕೆ ನಿಂತಿದೀರಿ."

ಒಳಗೆ ಬಂದು ಅವನು ಎಲ್ಲವನ್ನೂ ಹೇಳಿದ, ನೆಲ ನೋಡುತ್ತ, ಹಿಂದೆ ತಂತಿ ಓದಿ ಹೇಳುತ್ತಿದ್ದ ಹಾಗೆ ಒಂದೊಂದೇ ಮಾತು. ಕೆಸರು, ವಿಮಾನ, ಕೂತಲ್ಲೇ ಇದ್ದ ಇಬ್ಬರು. ಕೊನೆಯ ಮಾತೊಂದು ಉಳಿಯಿತು. ಅದನ್ನು ಹೇಳದೆ ಬಿಟ್ಟರೆ ಕೇಳುವವರಿಲ್ಲ. ಆದರೂ ತಂತಿಯವನು ಅಕ್ಷರ ನುಂಗಬಾರದು.

"ದಾರಿ ತಪ್ಪಿರಲಿಲ್ವಂತೆ ಕಣೇ. ಏಟು ಬಿದ್ದಿದ್ರೂ ಗಡಿ ದಾಟಿ ಈಚೆ ಬಂದಿದ್ರಂತೆ. ಮನೆ ಕಡೆಗೇ ಬರ್ತಿದ್ರು."

ಶೀನಣ್ಣ ಓರೆಗಣ್ಣಿನಲ್ಲಿ ಅವಳ ಕಣ್ಣನ್ನೇ ಕಾಯುತ್ತಿದ್ದ. ಕಣ್ಣು ಒಣಗಿಯೇ ಇತ್ತು.

"ಯಾವಾಗ ಗೊತ್ತಾಯ್ತು?"

"ಮಂಗಳವಾರ."

"ಗೊತ್ತು" ಎಂದಳು. "ಮಂಗಳವಾರದಿಂದ ನಿಮ್ಮ ಬೀರು ದೇವಸ್ಥಾನದ ಹಾಗೆ ಘಮಘಮ ಅಂತಿದೆ. ಬುಧವಾರ ಬಟ್ಟೆ ಮಡಿಸಿಡೋಕೆ ಹೋದೆ, ಹಾರ ಸಿಕ್ತು. ಈ ಮನೇಲಿ ಹಾರ ಇಲ್ಲದ ಫೋಟೋ ಇರೋದು ಒಂದೇ. ತಂತಿಯೋರು ಎಷ್ಟು ದಿನ ಇಟ್ಕೋತಾರೆ ನೋಡೋಣ ಅಂತ ಸುಮ್ಮನಿದ್ದೆ."

ಶೀನಣ್ಣನಿಗೆ ಮುಖ ಎಲ್ಲಿಡುವುದೆಂದು ತಿಳಿಯಲಿಲ್ಲ. ಆದರೆ ಹೊಟ್ಟೆಕಿಚ್ಚಿಗೆ ನಾಚಿಕೆಯೆಲ್ಲಿ? "ಬುಧವಾರಾನೇ ಗೊತ್ತಾಯ್ತಾ? ಅತ್ತುಬಿಟ್ಟೆಯಾ?"

"ಅತ್ತೆ. ನೀವು ಕ್ಷೌರಕ್ಕೆ ಹೋಗಿದ್ದಾಗ."

"ಎಷ್ಟು ಹೊತ್ತು?"

"ಕುಕ್ಕರ್ ಕೂಗೋ ತನಕ."

ಅಲ್ಲಿಗೆ ಶೀನಣ್ಣನ ಕಟ್ಟೆಯೊಡೆಯಿತು. ತನ್ನನ್ನು ಹೊರಗೆ ಕಳಿಸಿ, ತನ್ನ ಬೆನ್ನ ಹಿಂದೆ, ತನ್ನ ಮನೆಯಲ್ಲೇ! "ಅಳು, ಅಳು. ನನ್ನ ಕಣ್ಣೆದುರಿಗೇ ಅಳಬಹುದಿತ್ತಲ್ಲ. ನಾನ್ಯಾರು ಕೇಳೋಕೆ? ಸುದ್ದಿ ತಂದುಕೊಡೋ ಪೇದೆ! ಅವತ್ತೂ ನಾನೇ ತಂದೆ, ಇವತ್ತೂ ನಾನೇ ತಂದೆ. ಇಷ್ಟು ವರ್ಷ ಆ ಗೋಡೆ ಮೇಲೆ ಅವನನ್ನ ಬದುಕಿಸಿ ಇಟ್ಕೊಂಡು ನನ್ನ ಅವನ ಕಾಲ ಕೆಳಗೆ ಕೂರಿಸಿದೆಯಲ್ಲೇ, ಒಂದು ಹಾರ ಹಾಕೋಕೆ ನಿನಗೆ ಮನಸ್ಸು ಬರಲಿಲ್ಲ. ಬಂದೇ ಬರ್ತಾನೆ ಅಂತ ಕಾಯ್ತಿದ್ದೆ. ಅಲ್ವಾ? ಇವತ್ತಾದ್ರೂ ಹೇಳಿಬಿಡು."

ರಂಗನಾಯಕಿ ಅವನನ್ನು ನೋಡಿದಳು. ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟು ನಿವೃತ್ತಳಾದವಳು. ದಡ್ಡ ಹುಡುಗರನ್ನು ನೋಡುವ ಒಂದು ನೋಟ ಅವಳಲ್ಲಿ ಇನ್ನೂ ಉಳಿದಿತ್ತು.

"ಯಾಕೆ ಅತ್ತೆ ಅಂತ ಕೇಳಲ್ವಾ?"

ಅವನು ಗೇಟಿನ ಕಡೆ ಮುಖ ತಿರುಗಿಸಿದ.

"ಅವರ ಧ್ವನಿ ನೆನಪಾಗ್ಲಿಲ್ಲ ಅಂತ ಅತ್ತೆ" ಎಂದಳು. "ನಾನು ಅವರ ಜೊತೆ ಇದ್ದದ್ದು ಒಂದು ಬೇಸಿಗೆ ಕಣ್ರೀ. ಆಮೇಲೆ ಅವರು ಕೆಲಸಕ್ಕೆ ಹೋದ್ರು, ಯುದ್ಧ ಬಂತು. ನಿಮ್ಮ ಜೊತೆ ಮದುವೆಯಾದ ವರ್ಷಾನೇ ನಾನು ಹಾರ ತಂದಿದ್ದೆ. ನೀವು ಕಚೇರೀಲಿದ್ರಿ. ಸ್ಟೂಲ್ ಹತ್ತಿದೆ. ಮುಖ ನೋಡಿದ್ರೆ, ಇವರು ನನ್ನ ಹೇಗೆ ಕರೀತಿದ್ರು ಅಂತ ಹೊಳೀಲಿಲ್ಲ. ಎಷ್ಟು ಹೊತ್ತು ನಿಂತ್ರೂ ಹೊಳೀಲಿಲ್ಲ. ಕಿವಿ ತುಂಬಾ ನಿಮ್ಮ ಗೊಣಗಾಟ, ನಿಮ್ಮ ಗೊರಕೆ. ಒಂದೇ ವರ್ಷಕ್ಕೆ ಗಂಡನ ಧ್ವನಿ ಮರೆತೋಳು ಯಾವ ಮುಖ ಇಟ್ಕೊಂಡು ಹಾರ ಹಾಕ್ಲಿ? ಇಳಿದು ಬಂದು ಆ ಹಾರಾನ ತುಳಸಿ ಗಿಡಕ್ಕೆ ಹಾಕಿಬಿಟ್ಟೆ. ಮತ್ತೆ ಆ ಸ್ಟೂಲು ಹತ್ತೋಕೆ ಧೈರ್ಯ ಬರಲಿಲ್ಲ."

ಶೀನಣ್ಣ ಫೋಟೋದ ಕೆಳಗಿನ ಕುರ್ಚಿಯಲ್ಲಿ ಕೂತ.

"ನಾನು ಮರ್ತೆ" ಎಂದಳು ರಂಗನಾಯಕಿ. "ವಿಮಾನ ಬಂದಾಗ ತಾರಸಿಗೆ ಹೋಗ್ತಿದ್ದೆನಲ್ಲ, ಏನಾದ್ರೂ ನೆನಪಾಗತ್ತಾ ಅಂತ ಹೋಗ್ತಿದ್ದೆ. ಏನೂ ಆಗ್ತಿರಲಿಲ್ಲ. ಅವರನ್ನ ಮರೀದೆ ಇದ್ದದ್ದು ನೀವು. ಬೈದ್ರೋ ಉಗಿದ್ರೋ, ಈ ಮನೇಲಿ ದಿನಾ ಅವರನ್ನ ಮಾತಾಡ್ಸಿದೋರು ನೀವೊಬ್ಬರೇ."

ಮೇಲೆ ಮಹಡಿಯಲ್ಲಿ ಅಭಿರಾಮ ಎದ್ದು ಓಡಾಡುವ ಸದ್ದಾಯಿತು. ರಂಗನಾಯಕಿ ಹಗ್ಗದ ಮೇಲಿದ್ದ ಟವಲನ್ನು ಎಳೆದುಕೊಂಡಳು. "ಸಾವು ಕೇಳಿದ ಮೇಲೆ ಸ್ನಾನ ಮಾಡ್ಬೇಕು. ನೀವು ಬಾಯಿಬಿಟ್ಟು ಹೇಳೋ ತನಕ ಅದು ಕೇಳಿದ ಹಾಗಲ್ಲ ಅಂತ ಕಾದಿದ್ದೆ. ಶಾಸ್ತ್ರ ಕೇಳಿದ್ರೆ ನನಗೆ ಮೈಲಿಗೆ ಇಲ್ಲ, ನಿಮ್ಮ ಕೈಹಿಡಿದು ಗೋತ್ರ ಬದಲಾಯ್ತು. ಆದ್ರೆ ಅವರ ತಾಯಿ ತಂದೆ ಹೋದ್ರು, ತಮ್ಮ ಹೋದ. ಅವರಿಗೆ ಅಂತ ತಲೆ ಮೇಲೆ ಒಂದು ತಂಬಿಗೆ ನೀರು ಹೊಯ್ಕೊಳ್ಳೋರು ಯಾರೂ ಉಳಿದಿಲ್ಲ. ಸುಮ್ಮನೆ ಹಾಗೇ ಬಿಡೋಕಾಗತ್ತಾ?"

ಅವಳು ಬಚ್ಚಲ ಕಡೆಗೆ ಹೊರಟಳು. ಶೀನಣ್ಣ ಮಂಡಿನೋವನ್ನೂ ಮರೆತು ಅಡ್ಡ ಬಂದು ನಿಂತ.

"ಟವಲ್ ಕೊಡು ಇಲ್ಲಿ" ಎಂದ. "ಮೊದಲು ನಾನು."

ಅದರಲ್ಲೂ ಪೈಪೋಟಿಯೇ. ರಂಗನಾಯಕಿ ಟವಲು ಕೊಟ್ಟಳು.

"ಗೀಸರ್ ಹಾಕ್ತೀನಿ ಇರಿ, ಡಿಸೆಂಬರ್ ಚಳಿ."

"ಬೇಡ. ಇದಕ್ಕೆ ತಣ್ಣೀರೇ" ಎಂದು ಬಾಗಿಲು ಹಾಕಿಕೊಂಡ.

ಮೊದಲ ತಂಬಿಗೆ ಬೋಳು ತಲೆಯ ಮೇಲೆ ಬಿದ್ದಾಗ ಉಸಿರು ಸಿಕ್ಕಿಕೊಂಡಿತು. ಎರಡನೆಯದನ್ನು ಎತ್ತಿ ಹಿಡಿದು ಏನಾದರೂ ಹೇಳಬೇಕೆಂದುಕೊಂಡ. ಇಂಥವನಿಗೆ ಎಂದು ಹೆಸರು ಹೇಳಬೇಕು. ಭೂಪ, ಆಸಾಮಿ, ಮಹಾನುಭಾವ ಎಂದೆಲ್ಲ ಕರೆದಿದ್ದ ಬಾಯಿ ಅದು, ಹೆಸರು ಹಿಡಿದು ಒಂದು ಸಲವೂ ಕರೆದಿರಲಿಲ್ಲ. "ಸಂಪತ್" ಎಂದ. ನೀರು ಸುರಿದುಕೊಂಡ. ಚಳಿಗೆ ಹಲ್ಲು ಕಟಕಟ ಎಂದವು, ಕಟ್ಟಿಸಿದ್ದರೂ.

ಅವನು ಬಂದ ಮೇಲೆ ಅವಳು ಹೋದಳು. ಒದ್ದೆ ಕೂದಲಿಗೆ ಟವಲು ಸುತ್ತಿ, ಹಣೆಗೆ ಹೊಸದಾಗಿ ಕುಂಕುಮವಿಟ್ಟುಕೊಂಡು ಅವಳು ಹೊರಗೆ ಬರುವಷ್ಟರಲ್ಲಿ ಶೀನಣ್ಣ ಹಾರ ಹಿಡಿದು ಸ್ಟೂಲಿನ ಪಕ್ಕದಲ್ಲಿ ನಿಂತಿದ್ದ. ಹಜಾರವೆಲ್ಲ ಗಂಧದ ವಾಸನೆ.

"ರಾತ್ರಿಗೆ ನನಗೆ ಬೇರೆ ಸಾರು ಮಾಡ್ಬೇಡ" ಎಂದ, ಅವಳ ಕಡೆ ನೋಡದೆ. "ಆ ಹುಳೀನೇ ಸಾಕು."

"ಗ್ಯಾಸ್ ಆಗತ್ತಲ್ಲ?"

"ಆದ್ರೆ ಆಗ್ಲಿ ಬಿಡು. ಹಿಡ್ಕೋ ಸ್ಟೂಲು."

ಅವಳು ಹಿಡಿದುಕೊಂಡಳು. ಅವನು ಹತ್ತಿದ. ಎಷ್ಟೋ ವರ್ಷದಿಂದ ಕನಸು ಕಂಡಿದ್ದ ಗಳಿಗೆ ಇದು. ಎರಡು ಕೈಯಲ್ಲೂ ಹಾರ ಅಗಲಿಸಿ ಹಿಡಿದ. ಅಳತೆ ಸರಿಯಾಗಿತ್ತು. ಒರೆಸುವಾಗ ಗಾಜು ನೋಡಿದ್ದ, ಚೌಕಟ್ಟು ನೋಡಿದ್ದ, ಕ್ರಾಪು ನೋಡಿ ಉರಿದುಕೊಂಡಿದ್ದ. ಈಗ ಮುಖ ನೋಡಿದ. ಮೀಸೆ ಇನ್ನೂ ಸರಿಯಾಗಿ ದಟ್ಟವಾಗಿರಲಿಲ್ಲ. ಗಲ್ಲದ ಮೇಲೆ ರೇಜರು ತಾಗಿದ ಒಂದು ಪುಟ್ಟ ಗೀರಿತ್ತು. ಈಗಷ್ಟೇ ಎದ್ದು ಮಹಡಿಯಲ್ಲಿ ಕಾಫಿಗೆ ಕೂಗುತ್ತಿರುವ ಅಭಿರಾಮನದೇ ಹೆಚ್ಚುಕಡಿಮೆ ವಯಸ್ಸು. ಏಟು ಬಿದ್ದ ವಿಮಾನದಲ್ಲಿ ಕೂತು, ಇನ್ನು ಸ್ವಲ್ಪ, ಇನ್ನು ಸ್ವಲ್ಪ ಎಂದು ದಾರಿ ಹೇಳುತ್ತ ಬಂದ ಹುಡುಗ. ಇವನನ್ನಾ ತಾನು ಇಷ್ಟು ವರ್ಷ?

ರಂಗನಾಯಕಿ ಕೆಳಗಿನಿಂದ ಕಾದಳು. ಹಾರ ಮೊಳೆಗೆ ಬೀಳಲಿಲ್ಲ. ಅವನ ಹೆಗಲು ಅಲ್ಲಾಡುತ್ತಿತ್ತು.

"ಏನಾಯ್ತು ರೀ? ಎಟುಕಲ್ವಾ?"

"ಎಟುಕತ್ತೆ" ಎಂದ ಶೀನಣ್ಣ. ಹಾರವನ್ನು ಎದೆಗೆ ಒತ್ತಿಕೊಂಡು, ಅಂಗಿಯ ತೋಳಿನಿಂದ ಕಣ್ಣು ಒರೆಸಿ, ಅದೇ ತೋಳಿನಿಂದ ಫೋಟೋದ ಗಾಜನ್ನೂ ಒಮ್ಮೆ ಒರೆಸಿದ. "ನಾಳೆ ಅವರು ಬರ್ಲಿ. ಆಮೇಲೆ ಹಾಕೋಣ. ಇವತ್ತೊಂದು ರಾತ್ರಿ ಹೀಗೇ ಇದ್ದು ಹೋಗ್ಲಿ ಬಿಡೇ. ಇನ್ನೂ ಚಿಕ್ಕ ಹುಡುಗ."

ರಂಗನಾಯಕಿ, ಅವನು ಇಳಿಯುವವರೆಗೂ ಎರಡೂ ಕೈಯಿಂದ ಸ್ಟೂಲನ್ನು ಬಿಗಿಯಾಗಿ ಹಿಡಿದುಕೊಂಡು ನಿಂತಿದ್ದಳು.